ಹೃದಯದ ನ್ಯೂಕ್ಲಿಯರ್ ಚಿತ್ರಣದಲ್ಲಿ ಟ್ರೇಸರ್ ಪ್ರಮಾಣವನ್ನು ನಿಗದಿಪಡಿಸುವ ಕ್ರಮ

ಹೃದಯ ಸ್ನಾಯುವಿಗೆ ರಕ್ತ ಹೇಗೆ ಹರಿಯುತ್ತಿದೆ ಎಂಬುದನ್ನು ತೋರಿಸುವ ಸ್ಪೆಕ್ಟ್ ಪರೀಕ್ಷೆಯಲ್ಲಿ (ದೇಹದಿಂದ ಹೊರಬರುವ ವಿಕಿರಣವನ್ನು ಕ್ಯಾಮೆರಾದಿಂದ ಹಿಡಿದು ಚಿತ್ರ ರಚಿಸುವ ಪರೀಕ್ಷೆ) ರೋಗಿಗೆ ಚುಚ್ಚಿದ ಟೆಕ್ನೀಷಿಯಂ-99ಎಂ ಟ್ರೇಸರಿನ (ವಿಕಿರಣ ಸೂಸುವ ಗುರುತು ಮದ್ದಿನ) ಪೈಕಿ ಹೃದಯಕ್ಕೆ ಸೇರುವುದು ಶೇಕಡ 1.2ರಿಂದ 1.5ರಷ್ಟು ಮಾತ್ರ. ಅಂದರೆ 300 ಮೆಗಾಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಚುಚ್ಚಿದರೆ ಹೃದಯದಲ್ಲಿ ನಿಲ್ಲುವುದು ಸುಮಾರು 4 ಮೆಗಾಬೆಕೆರೆಲ್. ಉಳಿದದ್ದೆಲ್ಲ ಯಕೃತ್ತು, ಪಿತ್ತಕೋಶ, ಕರುಳು, ಮೂತ್ರಪಿಂಡ ಮತ್ತು ಇತರ ಸ್ನಾಯುಗಳಿಗೆ ಹಂಚಿಹೋಗಿ, ಚಿತ್ರಕ್ಕೆ ಯಾವ ಉಪಯೋಗವನ್ನೂ ಮಾಡದೆ ದೇಹಕ್ಕೆ ವಿಕಿರಣವನ್ನು ಕೊಡುತ್ತದೆ. ಹೃದಯದಿಂದ ಹೊರಟ ಫೋಟಾನುಗಳಲ್ಲಿಯೂ (ವಿಕಿರಣದ ಕಣಗಳಲ್ಲಿಯೂ) ಬಹುಪಾಲು ಎದೆಯ ಗೋಡೆಯಲ್ಲಿ ಅಥವಾ ಕ್ಯಾಮೆರಾದ ಕಾಲಿಮೇಟರಿನಲ್ಲಿ (ನಿಗದಿತ ದಿಕ್ಕಿನಿಂದ ಬಂದವನ್ನಷ್ಟೇ ಒಳಬಿಡುವ ತೂತುಗಳ ಫಲಕದಲ್ಲಿ) ಕಳೆದುಹೋಗುತ್ತವೆ. ಈ ದೀರ್ಘ ಸೋರಿಕೆಯ ಯಾವ ಯಾವ ಹಂತದಲ್ಲಿ ಉಳಿತಾಯ ಸಾಧ್ಯ ಎಂದು ಹುಡುಕುವುದೇ ಪ್ರಮಾಣ ನಿಗದಿಯ ಕೆಲಸ. ಸಿರಿಂಜಿನಲ್ಲಿರುವ ಅಂಕಿಯನ್ನು ಕಣ್ಣುಮುಚ್ಚಿ ಇಳಿಸುವುದು ಅದರಲ್ಲಿ ಕೊನೆಯ ಹಂತವೇ ಹೊರತು ಮೊದಲನೆಯದಲ್ಲ. ಸಾಮಾನ್ಯವಾಗಿ ರೋಗಿಗೆ ಎರಡು ಚುಚ್ಚುಮದ್ದು ಕೊಟ್ಟು ಎರಡು ಚಿತ್ರ ತೆಗೆಯುತ್ತಾರೆ: ಒಂದು ವಿಶ್ರಾಂತಿಯಲ್ಲಿ, ಇನ್ನೊಂದು ವ್ಯಾಯಾಮ ಅಥವಾ ಔಷಧದಿಂದ ಹೃದಯಕ್ಕೆ ಒತ್ತಡ ಕೊಟ್ಟಾಗ. ಪ್ರತಿ ಚುಚ್ಚುಮದ್ದಿನಲ್ಲಿ ಎಷ್ಟು ಎಂದು ಕೇಳುವುದಕ್ಕೆ ಮುಂಚೆ ಒಟ್ಟು ಎಷ್ಟು ಚುಚ್ಚುಮದ್ದು ಬೇಕು ಎಂದು ಕೇಳುವ ಕೇಂದ್ರವೇ ಹೆಚ್ಚು ಉಳಿಸುತ್ತದೆ.

ರೋಗನಿದಾನಕ್ಕಾಗಿ ವಿಕಿರಣಕ್ಕೆ ಒಳಗಾಗುವ ರೋಗಿಗೆ ಕಾನೂನಿನ ಗರಿಷ್ಠ ಮಿತಿ ಎಂಬುದು ಇರುವುದಿಲ್ಲ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು ರೋಗಿಗಳ ವಿಷಯದಲ್ಲಿ ಎರಡು ತತ್ವಗಳನ್ನು ಮಾತ್ರ ಅನ್ವಯಿಸುತ್ತದೆ: ಪರೀಕ್ಷೆಗೆ ಸಮರ್ಥನೆ ಇರಬೇಕು ಮತ್ತು ಪ್ರಮಾಣವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಎರಡನೆಯ ತತ್ವ ಎರಡೂ ದಿಕ್ಕಿಗೆ ಅನ್ವಯಿಸುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಫೋಟಾನುಗಳು ಸಾಲದೆ ಚಿತ್ರ ಅಸ್ಪಷ್ಟವಾದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ, ಇಲ್ಲವೆ ಸಂಶಯದ ವರದಿಯ ಬೆನ್ನಿಗೆ ರೋಗಿಯು ಅನಗತ್ಯವಾಗಿ ಆಂಜಿಯೋಗ್ರಾಮಿಗೆ ಹೋಗಬೇಕಾಗುತ್ತದೆ. ಅಂಥಲ್ಲಿ ಉಳಿಸಿದ ವಿಕಿರಣಕ್ಕಿಂತ ಕೊಟ್ಟ ವಿಕಿರಣವೇ ಹೆಚ್ಚಾಗುತ್ತದೆ.

ಮೊದಲು ಈಗಿನ ಸ್ಥಿತಿಯನ್ನು ಅಳೆಯಿರಿ

ಯಾವುದೇ ಬದಲಾವಣೆಗೆ ಮುನ್ನ ನಿಮ್ಮ ಕೇಂದ್ರದ ಇತ್ತೀಚಿನ ಪರೀಕ್ಷೆಗಳ ದಾಖಲೆಗಳನ್ನು ಒಟ್ಟುಗೂಡಿಸಿ. ಪ್ರತಿ ರೋಗಿಯ ತೂಕ ಮತ್ತು ಎತ್ತರ, ಬಳಸಿದ ಟ್ರೇಸರ್, ಪ್ರತಿ ಚುಚ್ಚುಮದ್ದಿನ ನಿಜವಾದ ಪಟುತ್ವ (ವಿಕಿರಣಶೀಲತೆಯ ಪ್ರಮಾಣ), ಅದನ್ನು ಅಳೆದ ಸಮಯ, ಚುಚ್ಚಿದ ಸಮಯ, ಚಿತ್ರ ತೆಗೆದ ಅವಧಿ ಮತ್ತು ಕ್ಯಾಮೆರಾ ಇಷ್ಟೂ ದಾಖಲಾಗಿರಬೇಕು. ವೈದ್ಯರು ಬರೆದ ಪ್ರಮಾಣವನ್ನೇ ಕೊಟ್ಟ ಪ್ರಮಾಣವೆಂದು ನಮೂದಿಸುವ ಅಭ್ಯಾಸ ಅನೇಕ ಕಡೆ ಇದೆ. ಅಂಥ ದಾಖಲೆಯಿಂದ ಪ್ರಯೋಜನವಿಲ್ಲ.

ಮೆಗಾಬೆಕೆರೆಲ್ ಅಥವಾ ಮಿಲಿಕ್ಯೂರಿಯಲ್ಲಿ ಅಳೆಯುವುದು ಚುಚ್ಚಿದ ಪಟುತ್ವವನ್ನು. ದೇಹಕ್ಕೆ ಅದರಿಂದ ಒದಗುವ ಪರಿಣಾಮಕಾರಿ ಡೋಸನ್ನು ಮಿಲಿಸೀವರ್ಟಿನಲ್ಲಿ ಹೇಳಲಾಗುತ್ತದೆ. 1 ಮಿಲಿಕ್ಯೂರಿ ಎಂದರೆ 37 ಮೆಗಾಬೆಕೆರೆಲ್. ಒಂದರಿಂದ ಇನ್ನೊಂದಕ್ಕೆ ಹೋಗಲು ಆಯೋಗವು ಪ್ರಕಟಿಸಿರುವ ಗುಣಾಂಕಗಳನ್ನು ಬಳಸಬೇಕು: ಟೆಕ್ನೀಷಿಯಂ ಟ್ರೇಸರಾದ ಸೆಸ್ಟಮಿಬಿಗೆ ವಿಶ್ರಾಂತಿಯಲ್ಲಿ ಪ್ರತಿ ಮೆಗಾಬೆಕೆರೆಲ್‌ಗೆ 0.009 ಮಿಲಿಸೀವರ್ಟ್, ವ್ಯಾಯಾಮದಲ್ಲಿ 0.0079 ಮಿಲಿಸೀವರ್ಟ್, ಇನ್ನೊಂದು ಟೆಕ್ನೀಷಿಯಂ ಟ್ರೇಸರಾದ ಟೆಟ್ರೋಫಾಸ್ಮಿನ್‌ನದು ಇದಕ್ಕಿಂತ ಸ್ವಲ್ಪ ಕಡಿಮೆ, ಥ್ಯಾಲಿಯಂ-201ರದು ಸುಮಾರು 0.14. ಈ ಗುಣಾಂಕಗಳು ಪ್ರಮಾಣಿತ ದೇಹಕ್ಕೆ ಲೆಕ್ಕ ಹಾಕಿದವು. ಆದ್ದರಿಂದ ಬರುವ ಮಿಲಿಸೀವರ್ಟ್ ಅಂಕಿಯು ಒಂದು ವಿಧಾನವನ್ನು ಇನ್ನೊಂದರೊಡನೆ ಹೋಲಿಸಲು ಯೋಗ್ಯವೇ ವಿನಾ ಎದುರಿಗಿರುವ ರೋಗಿಗೆ ಕ್ಯಾನ್ಸರ್ ಬರುವ ಸಂಭವ ಇಷ್ಟೇ ಎಂದು ಹೇಳಲು ಯೋಗ್ಯವಲ್ಲ.

ಎಲ್ಲ ರೋಗಿಗಳ ಅಂಕಿಗಳಿಂದ ಮಧ್ಯಾಂಕವನ್ನು ತೆಗೆದು, ರಾಷ್ಟ್ರೀಯ ಉಲ್ಲೇಖ ಮಟ್ಟ ಲಭ್ಯವಿದ್ದರೆ ಅದರೊಡನೆ ಹೋಲಿಸಿ. ಉಲ್ಲೇಖ ಮಟ್ಟವನ್ನು ಸಾಮಾನ್ಯವಾಗಿ ಹಲವು ಕೇಂದ್ರಗಳ ಮಧ್ಯಾಂಕಗಳ 75ನೆಯ ಶತಮಾಂಶದಲ್ಲಿ ಇಡಲಾಗುತ್ತದೆಯಾದ್ದರಿಂದ ಅದಕ್ಕಿಂತ ಕೆಳಗಿದ್ದೇವೆ ಎಂಬುದು ಸಮಾಧಾನಪಡುವ ಸಂಗತಿಯೇನೂ ಅಲ್ಲ. ನಾಲ್ಕರಲ್ಲಿ ಮೂರು ಕೇಂದ್ರಗಳು ಹಾಗೆಯೇ ಇರುತ್ತವೆ. ಅದು ಒಬ್ಬೊಬ್ಬ ರೋಗಿಗೆ ಅನ್ವಯಿಸುವ ಮಿತಿಯೂ ಅಲ್ಲ. ಹೆಚ್ಚು ಉಪಯುಕ್ತವಾದ ಅಳತೆಗೋಲೊಂದು ಅಮೆರಿಕನ್ ಸೊಸೈಟಿ ಆಫ್ ನ್ಯೂಕ್ಲಿಯರ್ ಕಾರ್ಡಿಯಾಲಜಿಯಿಂದ 2010ರಲ್ಲಿ ಬಂದಿತು: 2014ರ ವೇಳೆಗೆ ಕನಿಷ್ಠ ಅರ್ಧದಷ್ಟು ಪರೀಕ್ಷೆಗಳು 9 ಮಿಲಿಸೀವರ್ಟ್ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಮುಗಿಯಬೇಕು ಎಂಬುದು ಅದರ ಗುರಿ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 2013ರಲ್ಲಿ 65 ದೇಶಗಳ 308 ಪ್ರಯೋಗಾಲಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸರಾಸರಿಯು ಸುಮಾರು 10 ಮಿಲಿಸೀವರ್ಟ್ ಇತ್ತು, ಮತ್ತು ಈ ಗುರಿಯನ್ನು ತಲುಪಿದ್ದ ಕೇಂದ್ರಗಳು ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆ ಸಮೀಕ್ಷೆ ಎಂಟು ಉತ್ತಮ ಪದ್ಧತಿಗಳನ್ನು ಹೆಸರಿಸಿತ್ತು. ಥ್ಯಾಲಿಯಂ ಬಳಕೆಯ ಮೇಲಿನ ಹಿಡಿತ, ಒತ್ತಡದ ಚಿತ್ರದಲ್ಲೇ ಮುಗಿಸುವುದು, ತೂಕಕ್ಕೆ ತಕ್ಕ ಪ್ರಮಾಣ, ಎರಡನೆಯ ಚುಚ್ಚುಮದ್ದಿನ ಸರಿಯಾದ ಅನುಪಾತ ಮುಂತಾದವು ಅದರಲ್ಲಿ ಸೇರಿವೆ.

ಟ್ರೇಸರ್ ಮತ್ತು ವಿಧಾನದ ಆಯ್ಕೆ

ಅತಿ ದೊಡ್ಡ ಉಳಿತಾಯ ಇರುವುದು ಇಲ್ಲಿಯೇ. ವಿಶ್ರಾಂತಿಯಲ್ಲಿ 111 ಮೆಗಾಬೆಕೆರೆಲ್ ಥ್ಯಾಲಿಯಂ ಕೊಟ್ಟು, ಅನಂತರ ಒತ್ತಡದಲ್ಲಿ 925 ಮೆಗಾಬೆಕೆರೆಲ್ ಸೆಸ್ಟಮಿಬಿ ಕೊಡುವ ಜೋಡಿ ಟ್ರೇಸರ್ ವಿಧಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಥ್ಯಾಲಿಯಂ ಒಂದರಿಂದಲೇ ಸುಮಾರು 15.5 ಮಿಲಿಸೀವರ್ಟ್, ಸೆಸ್ಟಮಿಬಿಯಿಂದ ಸುಮಾರು 7.3, ಒಟ್ಟು 23ರ ಹತ್ತಿರ. ಥ್ಯಾಲಿಯಂನ ಅರ್ಧಾಯು 73 ಗಂಟೆಯಾದರೆ ಟೆಕ್ನೀಷಿಯಂನದು 6 ಗಂಟೆ. ಥ್ಯಾಲಿಯಂ ದೇಹದಲ್ಲಿ ದೀರ್ಘಕಾಲ ಉಳಿಯುವುದರಿಂದ ಕಡಿಮೆ ಪಟುತ್ವ ಕೊಟ್ಟರೂ ಡೋಸು ಹೆಚ್ಚಾಗುತ್ತದೆ. ಅದರ ಮುಖ್ಯ ಫೋಟಾನುಗಳು 70 ಕಿಲೋಎಲೆಕ್ಟ್ರಾನ್‌ವೋಲ್ಟಿನ ಆಸುಪಾಸಿನವಾದ್ದರಿಂದ ದಪ್ಪ ದೇಹದಲ್ಲಿ ಬೇಗ ಹೀರಲ್ಪಡುತ್ತವೆ. ಸ್ನಾಯು ಜೀವಂತವಾಗಿದೆಯೇ ಎಂಬ ಪ್ರಶ್ನೆಗೆ ಪೆಟ್ (ಇನ್ನೊಂದು ಬಗೆಯ ನ್ಯೂಕ್ಲಿಯರ್ ಚಿತ್ರಣ) ಸೌಲಭ್ಯವಿಲ್ಲದಿದ್ದಾಗ ಥ್ಯಾಲಿಯಂ ಇನ್ನೂ ಉಪಯುಕ್ತ. ಟೆಕ್ನೀಷಿಯಂ ಜನರೇಟರ್ (ಟೆಕ್ನೀಷಿಯಂ ಒದಗಿಸುವ ಉಪಕರಣ) ಬಾರದ ಸಂದರ್ಭದಲ್ಲಿಯೂ ಅನಿವಾರ್ಯವಾಗಬಹುದು. ಇವೆರಡನ್ನು ಬಿಟ್ಟು ದಿನನಿತ್ಯದ ಒತ್ತಡ ಪರೀಕ್ಷೆಗೆ ಅದನ್ನು ಬಳಸಲು ಇಂದು ಸಮರ್ಥನೆ ಸಿಗುವುದು ಕಷ್ಟ.

ಎರಡನೆಯದು, ಒತ್ತಡದ ಚಿತ್ರವನ್ನು ಮೊದಲು ತೆಗೆಯುವ ಕ್ರಮ. ವಿಶ್ರಾಂತಿಯ ಚಿತ್ರ ಬೇಕಾಗುವುದು ಒತ್ತಡದ ಚಿತ್ರದಲ್ಲಿ ಕಂಡ ಕೊರತೆಯು (ಟ್ರೇಸರ್ ಕಡಿಮೆ ಸೇರಿದ ಜಾಗವು) ಮರಳಿ ತುಂಬುತ್ತದೆಯೇ ಇಲ್ಲವೇ ಎಂದು ನೋಡಲು. ಒತ್ತಡದ ಚಿತ್ರದಲ್ಲಿ ಕೊರತೆಯೇ ಇಲ್ಲದಿದ್ದರೆ, ಹೃದಯದ ಗಾತ್ರ ಮತ್ತು ಗೋಡೆಯ ಚಲನೆಯೂ ಸರಿಯಾಗಿದ್ದರೆ, ಎರಡನೆಯ ಚುಚ್ಚುಮದ್ದಿನಿಂದ ತಿಳಿಯುವುದು ಬಹಳ ಕಡಿಮೆ. ಒಂದೇ ದಿನದ ಹಳೆಯ ಕ್ರಮದಲ್ಲಿ 370 ಮೆಗಾಬೆಕೆರೆಲ್ ವಿಶ್ರಾಂತಿಗೆ, 1110 ಮೆಗಾಬೆಕೆರೆಲ್ ಒತ್ತಡಕ್ಕೆ ಎಂದಿಟ್ಟುಕೊಂಡರೆ ಸೆಸ್ಟಮಿಬಿಯ ಒಟ್ಟು ಡೋಸು 12 ಮಿಲಿಸೀವರ್ಟ್ ದಾಟುತ್ತದೆ. ಅದೇ ರೋಗಿಗೆ 300 ಮೆಗಾಬೆಕೆರೆಲ್‌ನಿಂದ ಒತ್ತಡದ ಚಿತ್ರ ತೆಗೆದು ಅಲ್ಲಿಗೇ ಮುಗಿಸಲು ಸಾಧ್ಯವಾದರೆ ಅದು ಸುಮಾರು 2.4 ಮಿಲಿಸೀವರ್ಟ್, ಅಂದರೆ ಜಗತ್ತಿನ ಸರಾಸರಿ ಸ್ವಾಭಾವಿಕ ಹಿನ್ನೆಲೆ ವಿಕಿರಣದ ಒಂದು ವರ್ಷದ ಪಾಲಿನಷ್ಟು. ಬೇರೆ ಯಾವ ತಂತ್ರದಿಂದಲೂ ಇಷ್ಟು ದೊಡ್ಡ ಇಳಿಕೆ ಸಿಗುವುದಿಲ್ಲ.

ಈ ಕ್ರಮ ಕಾಗದದ ಮೇಲೆ ಸುಲಭ, ಆಚರಣೆಯಲ್ಲಿ ಅಷ್ಟು ಸುಲಭವಲ್ಲ. ರೋಗಿ ಮನೆಗೆ ಹೋಗುವ ಮೊದಲು ಒತ್ತಡದ ಚಿತ್ರವನ್ನು ನೋಡಿ ನಿರ್ಧರಿಸುವ ವೈದ್ಯರೊಬ್ಬರು ಆ ವೇಳೆಗೆ ಸರಿಯಾಗಿ ಲಭ್ಯರಿರಬೇಕು. ಅವರು ಸ್ಥಳದಲ್ಲಿ ಇಲ್ಲದಿದ್ದರೆ ದೂರದಿಂದ ಚಿತ್ರ ತೆರೆದು ನೋಡುವ ವ್ಯವಸ್ಥೆಯಾದರೂ ಇರಬೇಕು. ಇದಿಲ್ಲದೆ ಕ್ರಮವನ್ನು ಬದಲಿಸಿದರೆ, ತಂತ್ರಜ್ಞರು ಸುರಕ್ಷಿತವಾಗಿರಲೆಂದು ಎಲ್ಲರಿಗೂ ವಿಶ್ರಾಂತಿಯ ಚುಚ್ಚುಮದ್ದನ್ನು ಕೊಡುತ್ತಾರೆ ಮತ್ತು ಉಳಿತಾಯ ಶೂನ್ಯವಾಗುತ್ತದೆ. ಸ್ತನ ಅಥವಾ ವಪೆಯ ನೆರಳಿನಿಂದ ಉಂಟಾಗುವ ಸುಳ್ಳು ಕೊರತೆಗಳೇ ಅನವಶ್ಯಕ ವಿಶ್ರಾಂತಿ ಚಿತ್ರಗಳಿಗೆ ಮುಖ್ಯ ಕಾರಣವಾದ್ದರಿಂದ, ದೇಹದಲ್ಲಿ ಹೀರಲ್ಪಟ್ಟ ಫೋಟಾನುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸಿಟಿ ಆಧಾರಿತ ಕ್ಷೀಣತೆ ತಿದ್ದುಪಡಿಯನ್ನೋ ಬೋರಲು ಮಲಗಿಸಿ ತೆಗೆಯುವ ಎರಡನೆಯ ಚಿತ್ರವನ್ನೋ ಜೊತೆಗೆ ಬಳಸಿದರೆ ಒತ್ತಡದ ಚಿತ್ರದಲ್ಲೇ ಮುಗಿಯುವ ರೋಗಿಗಳ ಪ್ರಮಾಣ ಏರುತ್ತದೆ. ಬೋರಲು ಚಿತ್ರಕ್ಕೆ ಹೊಸ ಟ್ರೇಸರೂ ಬೇಡ, ಹೆಚ್ಚಿನ ಡೋಸೂ ಇಲ್ಲ. ಸಿಟಿಯನ್ನು ಬಳಸಿದರೆ ಅದರ ಡೋಸನ್ನು ಒಟ್ಟು ಲೆಕ್ಕಕ್ಕೆ ಸೇರಿಸಬೇಕು. ಹಿಂದೆ ಹೃದಯಾಘಾತವಾದವರು, ಎಡ ಹೃತ್ಕುಕ್ಷಿಯ ಶಕ್ತಿ ಕುಂದಿದೆ ಎಂದು ಈಗಾಗಲೇ ತಿಳಿದಿರುವವರು ಮುಂತಾದವರಲ್ಲಿ ವಿಶ್ರಾಂತಿ ಚಿತ್ರ ಬೇಕಾಗುವುದು ಹೆಚ್ಚುಕಡಿಮೆ ಖಚಿತ. ಅವರನ್ನು ಮೊದಲೇ ಬೇರೆ ಪಟ್ಟಿಯಲ್ಲಿಡುವುದು ಒಳ್ಳೆಯದು.

ಎರಡು ಚುಚ್ಚುಮದ್ದು ಒಂದೇ ದಿನ ಬಂದಾಗ

ಮೊದಲನೆಯ ಚುಚ್ಚುಮದ್ದಿನ ಉಳಿಕೆ ಎರಡನೆಯ ಚಿತ್ರದಲ್ಲಿಯೂ ಬೆಳಗುತ್ತಿರುತ್ತದೆ. ಸೆಸ್ಟಮಿಬಿ ಮತ್ತು ಟೆಟ್ರೋಫಾಸ್ಮಿನ್ ಹೃದಯದಿಂದ ಬಹಳ ನಿಧಾನವಾಗಿ ತೊಳೆದುಹೋಗುವುದರಿಂದ ಅದು ಕಡಿಮೆಯಾಗುವುದು ಬಹುಮಟ್ಟಿಗೆ ಭೌತಿಕ ಕ್ಷಯದಿಂದ ಮಾತ್ರ. ವಿಶ್ರಾಂತಿ ಮೊದಲಾದರೆ ಅದರ ಉಳಿಕೆಯು ಒತ್ತಡದ ಕೊರತೆಯನ್ನು ತುಂಬಿದಂತೆ ಕಾಣಿಸುತ್ತದೆ. ಒತ್ತಡ ಮೊದಲಾದರೆ ಅದರ ಕೊರತೆಯು ವಿಶ್ರಾಂತಿಯ ಚಿತ್ರದಲ್ಲಿಯೂ ಮೂಡಿ, ಮರಳಬಲ್ಲ ಕೊರತೆ ಶಾಶ್ವತವೆಂಬಂತೆ ತೋರುತ್ತದೆ. ಎರಡರಲ್ಲಿಯೂ ರಕ್ತಕೊರತೆಯ ಅಂದಾಜು ತಗ್ಗುತ್ತದೆ. ಆದ್ದರಿಂದಲೇ ಎರಡನೆಯದು ಮೊದಲನೆಯದರ ಕನಿಷ್ಠ ಮೂರು ಪಟ್ಟು ಇರಬೇಕೆಂಬ ನಿಯಮ.

ಆದರೆ ಈ ನಿಯಮವನ್ನು ಸಮಯದೊಡನೆ ಸೇರಿಸಿ ಯೋಚಿಸಬೇಕು. 300 ಮೆಗಾಬೆಕೆರೆಲ್ ಕೊಟ್ಟ ಕೂಡಲೇ 900 ಮೆಗಾಬೆಕೆರೆಲ್ ಕೊಟ್ಟರೆ ಒಟ್ಟಿನಲ್ಲಿ ಮೊದಲನೆಯದರ ಪಾಲು ಶೇಕಡ 25. ಮೂರು ಗಂಟೆ ಕಾದರೆ 300 ಎಂಬುದು 212ಕ್ಕೆ ಇಳಿದು ಅದರ ಪಾಲು ಶೇಕಡ 19 ಆಗುತ್ತದೆ. ನಾಲ್ಕು ಗಂಟೆ ಕಾದು 600 ಮೆಗಾಬೆಕೆರೆಲ್ ಮಾತ್ರ ಕೊಟ್ಟರೂ, ಉಳಿಕೆಯು 189 ಆಗಿರುವುದರಿಂದ, ಪಾಲು ಶೇಕಡ 24ರಲ್ಲೇ ನಿಲ್ಲುತ್ತದೆ. ಸಮಯವೇ ಇಲ್ಲಿ ಟ್ರೇಸರಿನ ಕೆಲಸವನ್ನು ಮಾಡುತ್ತದೆ. ನಿಮ್ಮ ಮಾರ್ಗಸೂಚಿ ಒಪ್ಪುವ ಕಡೆ ಈ ಲೆಕ್ಕವನ್ನು ಬಳಸಬಹುದು. ಒಪ್ಪದ ಕಡೆ ಮೂರು ಪಟ್ಟಿಗೇ ನಿಲ್ಲಬೇಕು. ಉಳಿತಾಯದ ಹೆಸರಿನಲ್ಲಿ ಎರಡನೆಯದನ್ನು ಮಾತ್ರ ಇಳಿಸಿ ಅನುಪಾತವನ್ನು ಕೆಡಿಸುವುದಕ್ಕಿಂತ ಎರಡನ್ನೂ ಸಮವಾಗಿ ಇಳಿಸುವುದು ಲೇಸು. ರೋಗಿಗೆ ಎರಡು ದಿನ ಬರಲು ಅನುಕೂಲವಿದ್ದರೆ ಈ ತೊಡಕೇ ಇರುವುದಿಲ್ಲ: ಎರಡೂ ದಿನ ಸಣ್ಣ ಪ್ರಮಾಣವನ್ನೇ ಕೊಡಬಹುದು, ಮತ್ತು ಮೊದಲ ದಿನದ ಒತ್ತಡ ಚಿತ್ರ ಸರಿಯಾಗಿದ್ದರೆ ಎರಡನೆಯ ದಿನವೇ ಬೇಡ.

ದೇಹಕ್ಕೆ ತಕ್ಕ ಪ್ರಮಾಣ

ಎಲ್ಲರಿಗೂ ಒಂದೇ ಪ್ರಮಾಣವನ್ನು ಕೊಡುವ ಪದ್ಧತಿಯಲ್ಲಿ ತೆಳುವಾದವರು ಬೇಕಾದುದಕ್ಕಿಂತ ಹೆಚ್ಚು ಪಡೆಯುತ್ತಾರೆ, ದಪ್ಪನೆಯವರ ಚಿತ್ರ ಮಬ್ಬಾಗುತ್ತದೆ. 140 ಕಿಲೋಎಲೆಕ್ಟ್ರಾನ್‌ವೋಲ್ಟಿನ ಫೋಟಾನುಗಳು ಮೃದು ಅಂಗಾಂಶದಲ್ಲಿ ಸುಮಾರು 4.6 ಸೆಂಟಿಮೀಟರ್ ಸಾಗುವಷ್ಟರಲ್ಲಿ ಅರ್ಧಕ್ಕೆ ಇಳಿಯುತ್ತವೆ; ಎದೆಯ ದಪ್ಪ ಅಷ್ಟು ಹೆಚ್ಚಾದರೆ ಕ್ಯಾಮೆರಾಕ್ಕೆ ಸಿಗುವ ಎಣಿಕೆ (ದಾಖಲಾಗುವ ಫೋಟಾನುಗಳ ಸಂಖ್ಯೆ) ಅರ್ಧವಾಗುತ್ತದೆ ಎಂದರ್ಥ. ಸರಳವಾದ ಆರಂಭವೆಂದರೆ ಪ್ರತಿ ಕಿಲೋಗ್ರಾಮಿಗೆ ಇಷ್ಟು ಮೆಗಾಬೆಕೆರೆಲ್ ಎಂಬ ಸೂತ್ರ, ಜೊತೆಗೆ ಒಂದು ಕೆಳಮಿತಿ ಮತ್ತು ಒಂದು ಮೇಲ್ಮಿತಿ. ಉದಾಹರಣೆಗೆ 4 ಮೆಗಾಬೆಕೆರೆಲ್ ಎಂದಿಟ್ಟರೆ 60 ಕಿಲೋ ತೂಗುವವರಿಗೆ 240, 100 ಕಿಲೋ ತೂಗುವವರಿಗೆ 400 ಆಗುತ್ತದೆ. ಸೂತ್ರದ ಗುಣಕವನ್ನು ಬೇರೆ ಕೇಂದ್ರದಿಂದ ಎರವಲು ತರಬಾರದು. ಅದು ನಿಮ್ಮ ಕ್ಯಾಮೆರಾ ಮತ್ತು ನಿಮ್ಮ ಸಾಫ್ಟ್‌ವೇರಿನಿಂದ ಹುಟ್ಟಬೇಕು.

ಮೇಲ್ಮಿತಿಯ ಆಚೆ ಇರುವ ರೋಗಿಗೆ ಪಟುತ್ವವನ್ನು ಏರಿಸುವ ಬದಲು ಚಿತ್ರ ತೆಗೆಯುವ ಅವಧಿಯನ್ನು ಹೆಚ್ಚಿಸುವುದು ಮೊದಲ ಆಯ್ಕೆಯಾಗಲಿ. ಎಣಿಕೆಯ ದೃಷ್ಟಿಯಿಂದ ಎರಡು ಪಟ್ಟು ಸಮಯಕ್ಕೂ ಎರಡು ಪಟ್ಟು ಪಟುತ್ವಕ್ಕೂ ವ್ಯತ್ಯಾಸವಿಲ್ಲ, ರೋಗಿ ಅಲುಗಾಡದೆ ಮಲಗಬಲ್ಲರೇ ಎಂಬುದೊಂದನ್ನು ಬಿಟ್ಟು. ಯಕೃತ್ತು ಅಥವಾ ಕರುಳಿನ ಹೊಳಪು ಹೃದಯದ ಕೆಳಗೋಡೆಯನ್ನು ಮುಚ್ಚುತ್ತಿದ್ದರೆ ಅದಕ್ಕೆ ಹೆಚ್ಚು ಟ್ರೇಸರ್ ಮದ್ದಲ್ಲ, ಏಕೆಂದರೆ ಯಕೃತ್ತಿನ ಹೊಳಪೂ ಅದೇ ಅನುಪಾತದಲ್ಲಿ ಏರುತ್ತದೆ. ಅಲ್ಲಿ ಬೇಕಾದದ್ದು ಕಾಯುವಿಕೆ: ವ್ಯಾಯಾಮದ ನಂತರ 15ರಿಂದ 30 ನಿಮಿಷ, ಔಷಧದಿಂದ ಒತ್ತಡ ಕೊಟ್ಟಾಗ ಮತ್ತು ವಿಶ್ರಾಂತಿಯಲ್ಲಿ 45ರಿಂದ 60 ನಿಮಿಷ. ವ್ಯಾಯಾಮ ಮಾಡಬಲ್ಲ ರೋಗಿಗೆ ವ್ಯಾಯಾಮವನ್ನೇ ಮಾಡಿಸಿದರೆ ಯಕೃತ್ತಿನ ಪಾಲು ತಾನಾಗಿಯೇ ಕಡಿಮೆ. ಪರೀಕ್ಷೆಯ ನಂತರ ಹೆಚ್ಚು ನೀರು ಕುಡಿದು ಆಗಾಗ ಮೂತ್ರ ವಿಸರ್ಜಿಸುವಂತೆ ಹೇಳುವುದರಿಂದ ಮೂತ್ರಕೋಶದ ಡೋಸು ಇಳಿಯುತ್ತದೆ.

ಕ್ಯಾಮೆರಾ ಒದಗಿಸುವ ಅವಕಾಶ

ಕ್ಯಾಡ್ಮಿಯಂ-ಜಿಂಕ್-ಟೆಲ್ಯುರೈಡ್ ಶೋಧಕಗಳಿರುವ ಹೃದಯ ಕ್ಯಾಮೆರಾಗಳ ಸಂವೇದನೆಯು ಸೋಡಿಯಂ ಅಯೋಡೈಡ್ ಹರಳಿನ ಹಳೆಯ ಕ್ಯಾಮೆರಾಗಳಿಗಿಂತ ಹಲವು ಪಟ್ಟು ಹೆಚ್ಚು. ಶಕ್ತಿಯ ಪ್ರತ್ಯೇಕತೆಯೂ (ಫೋಟಾನುಗಳ ಶಕ್ತಿಯ ವ್ಯತ್ಯಾಸವನ್ನು ಗುರುತಿಸುವ ಸಾಮರ್ಥ್ಯ, ಅಂಕಿ ಕಡಿಮೆಯಾದಷ್ಟೂ ಉತ್ತಮ) ಶೇಕಡ 10ರ ಬದಲು 5ರಿಂದ 6ರಷ್ಟಿರುವುದರಿಂದ ಚದುರಿದ ಫೋಟಾನುಗಳನ್ನು ಬೇರ್ಪಡಿಸುವುದು ಸುಲಭ. ಆದರೆ ಇಂಥ ಕ್ಯಾಮೆರಾ ಬಂದ ಮೇಲೆ ದೊರೆತ ಲಾಭವನ್ನೆಲ್ಲ ವೇಗಕ್ಕೆ ಖರ್ಚು ಮಾಡಿ, ಎರಡು ನಿಮಿಷದ ಚಿತ್ರವೆಂದು ಹೆಮ್ಮೆಪಟ್ಟುಕೊಂಡು, ಚುಚ್ಚುಮದ್ದನ್ನು ಮೊದಲಿನಷ್ಟೇ ಉಳಿಸಿಕೊಳ್ಳುವ ಪರಿಪಾಠ ಕಂಡುಬರುತ್ತದೆ. ಲಾಭವನ್ನು ಸಮಯ ಮತ್ತು ಡೋಸಿನ ನಡುವೆ ಹೇಗೆ ಹಂಚಬೇಕೆಂದು ಕೇಂದ್ರವು ಲಿಖಿತವಾಗಿ ನಿರ್ಧರಿಸಬೇಕು. ಹಳೆಯ ಕ್ಯಾಮೆರಾ ಇರುವವರಿಗೂ ದಾರಿಯಿದೆ: ಕಾಲಿಮೇಟರಿನಿಂದಾಗುವ ಮಸುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪುನರಾವರ್ತಿತ ಮರುನಿರ್ಮಾಣ ಸಾಫ್ಟ್‌ವೇರಿನಿಂದ ಎಣಿಕೆಯು ಅರ್ಧದಷ್ಟಿದ್ದರೂ ಬಳಸಬಹುದಾದ ಚಿತ್ರ ಬರುತ್ತದೆ.

ಎಷ್ಟರವರೆಗೆ ಇಳಿಯಬಹುದು ಎಂಬುದನ್ನು ರೋಗಿಗೆ ಒಂದು ಹನಿ ಹೆಚ್ಚು ಚುಚ್ಚದೆ, ಒಂದು ಪರೀಕ್ಷೆಯನ್ನೂ ಹಾಳುಮಾಡದೆ ಕಂಡುಹಿಡಿಯಬಹುದು. ಕ್ಯಾಮೆರಾ ಪ್ರತಿ ಫೋಟಾನನ್ನು ಅದರ ಸಮಯದೊಡನೆ ದಾಖಲಿಸುವ ಲಿಸ್ಟ್ ಮೋಡ್ ಹೊಂದಿದ್ದರೆ, ಈಗಿನ ಪ್ರಮಾಣದಲ್ಲಿ ತೆಗೆದ ಚಿತ್ರಗಳಿಂದ ಶೇಕಡ 75, 50, 35ರಷ್ಟು ಎಣಿಕೆಯನ್ನು ಮಾತ್ರ ಉಳಿಸಿ ಮತ್ತೆ ಮರುನಿರ್ಮಾಣ ಮಾಡಿ. ಎಣಿಕೆಯ ಗದ್ದಲವು ವರ್ಗಮೂಲದ ನಿಯಮವನ್ನು ಅನುಸರಿಸುತ್ತದೆ: ಎಣಿಕೆ ಕಾಲುಭಾಗ ಇಳಿದರೆ ಸಾಪೇಕ್ಷ ಗದ್ದಲ ಸುಮಾರು ಶೇಕಡ 15ರಷ್ಟು, ಅರ್ಧಕ್ಕೆ ಇಳಿದರೆ ಶೇಕಡ 41ರಷ್ಟು ಏರುತ್ತದೆ. ಈ ಚಿತ್ರಗಳನ್ನು ಮೂಲದ ಗುರುತು ಅಳಿಸಿ, ಬೆರೆಸಿ, ದಿನವೂ ವರದಿ ಬರೆಯುವ ವೈದ್ಯರಿಗೇ ಓದಲು ಕೊಡಬೇಕು. ಕೊರತೆಯ ಅಂಕ, ಪ್ರತಿ ಬಡಿತದಲ್ಲಿ ಹೃದಯ ಹೊರದೂಡುವ ರಕ್ತದ ಪಾಲಾದ ಎಜೆಕ್ಷನ್ ಫ್ರ್ಯಾಕ್ಷನ್, ವರದಿಯ ಖಚಿತತೆ ಈ ಮೂರರಲ್ಲಿ ಯಾವುದು ಎಲ್ಲಿ ಮೊದಲು ಮುರಿಯುತ್ತದೆ ಎಂದು ನೋಡಿ, ಅದಕ್ಕಿಂತ ಒಂದು ಹಂತ ಮೇಲೆ ನಿಲ್ಲಿ. ಹೃದಯಬಡಿತಕ್ಕೆ ಹೊಂದಿಸಿದ ಚಿತ್ರದಲ್ಲಿ ಎಣಿಕೆಯು 8 ಅಥವಾ 16 ಭಾಗಗಳಾಗಿ ಒಡೆಯುವುದರಿಂದ ಸಾಮಾನ್ಯವಾಗಿ ಗೋಡೆಯ ಚಲನೆಯೇ ಮೊದಲು ಕೈಕೊಡುತ್ತದೆ. ಸ್ಥೂಲಕಾಯದವರನ್ನು ಮತ್ತು ನಿಜವಾದ ಕೊರತೆಗಳಿರುವವರನ್ನು ಈ ಪರೀಕ್ಷೆಯಿಂದ ಹೊರಗಿಟ್ಟರೆ ಫಲಿತಾಂಶವು ಸುಳ್ಳು ಧೈರ್ಯ ಕೊಡುತ್ತದೆ. ಕೃತಕ ಬುದ್ಧಿಮತ್ತೆಯಿಂದ ಗದ್ದಲ ಕಳೆಯುವ ಸಾಫ್ಟ್‌ವೇರುಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ನಯವಾದ ಚಿತ್ರವು ಸರಿಯಾದ ಚಿತ್ರವೇ ಆಗಿರಬೇಕೆಂದಿಲ್ಲ, ಸಣ್ಣ ಕೊರತೆಯೊಂದು ನಯಗೊಳಿಸುವಾಗ ಮಾಯವಾಗಿರಬಹುದು.

ಸಿರಿಂಜಿನಿಂದ ರಕ್ತನಾಳದವರೆಗೆ

ಲೆಕ್ಕ ಎಷ್ಟೇ ಸೂಕ್ಷ್ಮವಾಗಿದ್ದರೂ ಕೊಡುವ ಕೈ ತಪ್ಪಿದರೆ ವ್ಯರ್ಥ. ಪಟುತ್ವವನ್ನು ಅಳೆಯುವ ಡೋಸ್ ಕ್ಯಾಲಿಬ್ರೇಟರನ್ನು ಪ್ರತಿದಿನ ಸ್ಥಿರತೆಗೆ, ನಿಗದಿತ ಅವಧಿಗಳಲ್ಲಿ ನಿಖರತೆ ಮತ್ತು ರೇಖೀಯತೆಗೆ ಪರೀಕ್ಷಿಸಬೇಕು. ಸಣ್ಣ ಪ್ರಮಾಣಗಳಿಗೆ ಇಳಿದಂತೆ ಅದರ ಸಣ್ಣ ದೋಷವೂ ದೊಡ್ಡದಾಗುತ್ತದೆ. ಕ್ಯಾಲಿಬ್ರೇಟರ್, ಕ್ಯಾಮೆರಾ ಮತ್ತು ಒತ್ತಡ ಕೊಠಡಿಯ ಗಡಿಯಾರಗಳು ಒಂದೇ ಸಮಯವನ್ನು ತೋರಿಸಬೇಕು. ಅಳೆದ ಮೇಲೆ ಅರ್ಧ ಗಂಟೆ ತಡವಾಗಿ ಚುಚ್ಚಿದರೆ ಟೆಕ್ನೀಷಿಯಂ ಶೇಕಡ 5ಕ್ಕಿಂತ ಹೆಚ್ಚು, ಒಂದು ಗಂಟೆ ತಡವಾದರೆ ಶೇಕಡ 11ರಷ್ಟು ಕ್ಷಯಿಸಿರುತ್ತದೆ.

ಸೆಸ್ಟಮಿಬಿ ಮತ್ತು ಟೆಟ್ರೋಫಾಸ್ಮಿನ್ ಎರಡೂ ಪ್ಲಾಸ್ಟಿಕ್ ಸಿರಿಂಜಿನ ಒಳಮೈಗೆ ಅಂಟಿಕೊಳ್ಳುವ ಗುಣ ಹೊಂದಿವೆ. ಎಷ್ಟು ಅಂಟಿಕೊಳ್ಳುತ್ತದೆ ಎಂಬುದು ಸಿರಿಂಜಿನ ಬಗೆಯನ್ನೂ ಟ್ರೇಸರ್ ಅದರಲ್ಲಿ ಕಳೆದ ಸಮಯವನ್ನೂ ಅವಲಂಬಿಸಿದೆ. ಚುಚ್ಚಿದ ಮೇಲೆ ಖಾಲಿ ಸಿರಿಂಜನ್ನು ಮತ್ತೆ ಅಳೆದು ಉಳಿಕೆಯನ್ನು ಕಳೆಯುವುದು ದಿನಚರಿಯಾಗಬೇಕು: 300 ತುಂಬಿ 40 ಉಳಿದರೆ ರೋಗಿಗೆ ಹೋದದ್ದು 260. ಬೇರೆ ಬಗೆಯ ಸಿರಿಂಜು ಬಂದ ದಿನ ಉಳಿಕೆ ಬದಲಾಗಿ, ಯಾರೂ ಕಾರಣ ತಿಳಿಯದೆ ಚಿತ್ರಗಳು ಕುಂದಬಹುದು. ತುಂಬಿದ ಸಿರಿಂಜನ್ನು ಹೆಚ್ಚು ಹೊತ್ತು ಇಡದೆ ಬಳಸುವುದು, ಚುಚ್ಚಿದ ನಂತರ ಸಲೈನಿನಿಂದ ತೊಳೆಯುವುದು ಇವೆರಡರಿಂದಲೂ ನಷ್ಟ ತಗ್ಗುತ್ತದೆ. ತಯಾರಾದ ಟ್ರೇಸರಿನ ರೇಡಿಯೋರಾಸಾಯನಿಕ ಶುದ್ಧತೆ ಶೇಕಡ 90ಕ್ಕಿಂತ ಕೆಳಗಿದ್ದರೆ ಬಳಸಬಾರದು. ಟ್ರೇಸರಾಗಿ ಬೆಸೆಯದೆ ಉಳಿದ ಟೆಕ್ನೀಷಿಯಂ ಆದ ಪರ್‌ಟೆಕ್ನಿಟೇಟ್ ಥೈರಾಯ್ಡಿಗೂ ಜಠರಕ್ಕೂ ಹೋಗುತ್ತದೆಯೇ ಹೊರತು ಹೃದಯಕ್ಕಲ್ಲ. ಮದ್ದು ರಕ್ತನಾಳದ ಹೊರಗೆ ಸೋರಿದ ಅನುಮಾನ ಬಂದರೆ ತೋಳಿನ ಒಂದು ಕಿರು ಚಿತ್ರ ತೆಗೆದು ದಾಖಲಿಸಿ. ಗರ್ಭಧಾರಣೆಯ ಸಾಧ್ಯತೆಯಿರುವವರನ್ನು ಟ್ರೇಸರ್ ತುಂಬುವ ಮುನ್ನವೇ ವಿಚಾರಿಸಬೇಕು.

ಪೆಟ್ ಇರುವ ಕಡೆ

ಪೆಟ್ ಟ್ರೇಸರುಗಳ ಅರ್ಧಾಯು ಚಿಕ್ಕದು: ರುಬಿಡಿಯಂ-82ರದು ಸುಮಾರು 76 ಸೆಕೆಂಡು, ಅಮೋನಿಯಾದ ನೈಟ್ರೋಜನ್-13ರದು 10 ನಿಮಿಷ. 740 ಮೆಗಾಬೆಕೆರೆಲ್ ರುಬಿಡಿಯಂ ಎರಡು ಬಾರಿ ಕೊಟ್ಟರೂ ಒಟ್ಟು ಡೋಸು 2 ಮಿಲಿಸೀವರ್ಟಿನ ಒಳಗೇ ಇರುತ್ತದೆ. ಇಲ್ಲಿ ಪ್ರಮಾಣವನ್ನು ಮಿತಿಗೊಳಿಸಲು ಇನ್ನೊಂದು ಕಾರಣವೂ ಇದೆ: ಮೂರು ಆಯಾಮದ ಕ್ರಮದಲ್ಲಿ ಮೊದಲ ಕ್ಷಣಗಳಲ್ಲಿ ಶೋಧಕಗಳಿಗೆ ತಾಳಲಾರದಷ್ಟು ಎಣಿಕೆ ಬಂದರೆ ಅವು ತುಂಬಿಹೋಗಿ, ರಕ್ತದ ಹರಿವಿನ ಲೆಕ್ಕವೇ ತಪ್ಪುತ್ತದೆ. ತೂಕಕ್ಕೆ ತಕ್ಕಂತೆ ಕೊಡುವುದರಿಂದ ಡೋಸೂ ಇಳಿಯುತ್ತದೆ, ಲೆಕ್ಕವೂ ಸರಿಯಾಗುತ್ತದೆ. ರುಬಿಡಿಯಂ ಜನರೇಟರಿನಿಂದ ಅದರ ಮೂಲವಸ್ತುವಾದ ಸ್ಟ್ರಾನ್ಷಿಯಂ ಸೋರುತ್ತಿಲ್ಲವೆಂದು ಪ್ರತಿದಿನ ಮೊದಲ ರೋಗಿಗೆ ಮುಂಚೆ ಪರೀಕ್ಷಿಸದಿದ್ದರೆ ಈ ಉಳಿತಾಯವೆಲ್ಲ ಒಂದೇ ದಿನದಲ್ಲಿ ತಲೆಕೆಳಗಾಗಬಹುದು.

ಬದಲಾವಣೆಯ ನಂತರ

ಹೊಸ ಪ್ರಮಾಣಪಟ್ಟಿಯನ್ನು ಒಂದೇ ಹಂತದಲ್ಲಿ ಜಾರಿಗೆ ತರಬೇಡಿ. ಕಾಲುಭಾಗದಷ್ಟು ಇಳಿಸಿ, ಕೆಲವು ವಾರಗಳ ಚಿತ್ರಗಳನ್ನು ವೈದ್ಯರು, ತಂತ್ರಜ್ಞರು ಮತ್ತು ವೈದ್ಯಕೀಯ ಭೌತವಿಜ್ಞಾನಿ ಒಟ್ಟಿಗೆ ಕುಳಿತು ನೋಡಿ, ಅನಂತರ ಮುಂದಿನ ಹಂತಕ್ಕೆ ಹೋಗುವುದು ಕ್ಷೇಮ. ಡೋಸಿನ ಮಧ್ಯಾಂಕದೊಂದಿಗೆ ಇನ್ನು ಮೂರು ಅಂಕಿಗಳನ್ನು ಗಮನಿಸುತ್ತಿರಬೇಕು: ಮತ್ತೆ ತೆಗೆಯಬೇಕಾದ ಚಿತ್ರಗಳ ಪಾಲು, ಸಂಶಯಾಸ್ಪದವೆಂದು ಬರೆದ ವರದಿಗಳ ಪಾಲು, ಮತ್ತು ಒತ್ತಡದ ಚಿತ್ರದಲ್ಲೇ ಮುಗಿದ ಪರೀಕ್ಷೆಗಳ ಪಾಲು. ಮೊದಲೆರಡು ಏರತೊಡಗಿದರೆ ಒಂದು ಹಂತ ಹಿಂದಕ್ಕೆ ಹೋಗಬೇಕು; ಮೂರನೆಯದು ಏರದಿದ್ದರೆ ತೊಂದರೆಯು ಟ್ರೇಸರಿನಲ್ಲಿ ಅಲ್ಲ, ಚಿತ್ರ ನೋಡಿ ನಿರ್ಧರಿಸುವ ವ್ಯವಸ್ಥೆಯಲ್ಲಿದೆ. ಕ್ಯಾಮೆರಾ, ಕಾಲಿಮೇಟರ್, ಮರುನಿರ್ಮಾಣ ಸಾಫ್ಟ್‌ವೇರಿನ ಆವೃತ್ತಿ, ಟ್ರೇಸರ್ ಅಥವಾ ಸಿರಿಂಜು ಇವುಗಳಲ್ಲಿ ಯಾವುದು ಬದಲಾದರೂ ಹಳೆಯ ಪ್ರಮಾಣಪಟ್ಟಿಯನ್ನು ಅಮಾನತಿನಲ್ಲಿಟ್ಟು, ಎಣಿಕೆಗಳನ್ನು ಮತ್ತೆ ಅಳೆದ ನಂತರವೇ ದಿನಾಂಕ ಮತ್ತು ಸಹಿಯೊಂದಿಗೆ ಹೊಸದನ್ನು ಹಾಕಬೇಕು.